ಕೊಂಬುಚಾ ಶೆಡ್ಡಿನ ಡೀಪ್ ಫ್ರೀಜರ್: ಯಾವುದು ರಿಪೇರಿ, ಯಾವುದು ಗುಜರಿ?

ನಮ್ಮ ರಾಜ್ಯದಲ್ಲಿ ಚಳಿಗೆ ನಲ್ಲಿ ಒಡೆಯಲ್ಲ. ಡಿಸೆಂಬರ್, ಜನವರಿಯಲ್ಲಿ ಬೀದರ್, ವಿಜಯಪುರದ ಕಡೆ ಎಷ್ಟೇ ನಡುಕ ಹುಟ್ಟಿದರೂ ಪೈಪಿನೊಳಗಿನ ನೀರು ಐಸ್ ಆಗೋದಿಲ್ಲ. ಆದರೂ ಕೊಂಬುಚಾ, ಹಣ್ಣಿನ ವಿನೆಗರ್ ಮಾಡುವ ಯುವ ರೈತರ ಶೆಡ್ಡುಗಳಲ್ಲಿ ಸೀಳಿದ ಬಾಟಲಿ, ಬಿರುಕು ಬಿಟ್ಟ ವಾಲ್ವ್, ತಳ ಉಬ್ಬಿದ ಸ್ಟೀಲ್ ಕ್ಯಾನ್ ಒಂದು ಮೂಲೆಯಲ್ಲಿ ಬಿದ್ದಿರೋದನ್ನ ನೋಡ್ತಾನೇ ಇದ್ದೀನಿ. ಇದು ಡೀಪ್ ಫ್ರೀಜರ್ ಮಾಡಿದ ಕೆಲಸ. ಐಸ್‌ಕ್ರೀಂಗೆ ಅಂತ ಮಾಡಿದ, ಮೈನಸ್ 18 ಡಿಗ್ರಿಗೆ ಇಳಿಯುವ ಪೆಟ್ಟಿಗೆಯನ್ನ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದು, 4 ಡಿಗ್ರಿಯ ಕೆಲಸ ಮಾಡು ಅಂದರೆ ಅದು ಹೇಗೆ ಕೇಳುತ್ತೆ?

ನನ್ನ ತಕರಾರು ತರಬೇತಿಗಳ ಮೇಲೆ. ಮೌಲ್ಯವರ್ಧನೆ ಅಂತ ಎರಡು ದಿನ ಕೂರಿಸಿ ಚಹಾಕ್ಕೆ ಎಷ್ಟು ಸಕ್ಕರೆ, ಲೇಬಲ್ ಹೇಗಿರಬೇಕು, ಇನ್‌ಸ್ಟಾಗ್ರಾಂನಲ್ಲಿ ಹೇಗೆ ಮಾರಬೇಕು ಎಲ್ಲ ಹೇಳ್ತಾರೆ. ಯಂತ್ರ ಕೆಟ್ಟರೆ ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳಲ್ಲ. 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಾಲದ ಜೊತೆ ಶೇ. 35ರಷ್ಟು, ಗರಿಷ್ಠ 10 ಲಕ್ಷದವರೆಗೆ ಸಹಾಯಧನ ಇದೆ. ಒಳ್ಳೆಯದೇ. ಆದರೆ ನಾನು ನೋಡಿದ ಯೋಜನಾ ವರದಿಗಳಲ್ಲಿ ಯಂತ್ರದ ಪಟ್ಟಿ ಎರಡು ಪುಟ, ನಿರ್ವಹಣೆಗೆ ಒಂದು ಸಾಲೂ ಇಲ್ಲ. ಹಾಗಾಗಿ ಏನಾದರೂ ಒಡೆದಾಗ ಹುಡುಗರು ಎಪಾಕ್ಸಿ ಅಂಟು ಬಳಿದು ಮುಂದಿನ ಬ್ಯಾಚ್ ಹಾಕ್ತಾರೆ. ಸಾಲದ ಕಂತು ಕಟ್ಟಬೇಕಲ್ಲ, ಅವರನ್ನ ಬೈಯೋಕೆ ಮನಸ್ಸು ಬರಲ್ಲ. ಆದರೆ ಆ ಬಾಟಲಿ ಕುಡಿಯೋದು ಯಾರದೋ ಮನೆಯ ಮಗು.

ಒಡೆಯೋದು ಯಾಕೆ ಅಂತ ಮೊದಲು ನೋಡೋಣ. ನೀರು ಐಸ್ ಆದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತೆ. 20 ಲೀಟರ್ ಕ್ಯಾನಿನಲ್ಲಿ ಅದು ಹತ್ತಿರತ್ತಿರ 2 ಲೀಟರ್ ಜಾಗ ಕೇಳುತ್ತೆ. ಕತ್ತಿನವರೆಗೆ ತುಂಬಿದ ಗಾಜಿನ ಬಾಟಲಿಯಲ್ಲಿ ಆ ಜಾಗ ಎಲ್ಲಿದೆ? ಕೊಂಬುಚಾ, ವಿನೆಗರ್ ಎರಡೂ ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗೆ ಹೋದರೆ ಸಾಕು, ಗಟ್ಟಿಯಾಗೋಕೆ ಶುರು. ಕೊಂಬುಚಾದಲ್ಲಿ ಇನ್ನೊಂದು ಗಂಡಾಂತರ ಇದೆ. ಐಸ್ ಆಗುವಾಗ ಒಳಗಿನ ಗ್ಯಾಸು ಹೊರಗೆ ತಳ್ಳಲ್ಪಟ್ಟು ಮುಚ್ಚಳದ ಕೆಳಗೆ ಒತ್ತಡ ಏರುತ್ತೆ. ಅದಕ್ಕೇ ಗಡ್ಡೆ ಕಟ್ಟಿದ ಬಾಟಲಿಗೆ ಬಿಸಿನೀರು ಹೊಯ್ಯಬೇಡಿ, ಬರಿಗೈಲಿ ಎತ್ತಬೇಡಿ. ದಪ್ಪ ಬಟ್ಟೆ ಸುತ್ತಿ ಬಕೆಟ್ಟಿನಲ್ಲಿಟ್ಟು ಮಾಮೂಲಿ ಫ್ರಿಜ್ಜಿನ ಕೆಳಭಾಗದಲ್ಲಿ ಕರಗಲು ಬಿಡಿ, ಆಮೇಲೆ ಒಳಗಿದ್ದದ್ದನ್ನ ಚೆಲ್ಲಿ. ಗಾಜಿನ ವಿಷಯದಲ್ಲಿ ನಾನು ಹಠಮಾರಿ: ಕೂದಲೆಳೆಯಷ್ಟು ಗೀರು ಕಂಡರೂ, ಸೋರದಿದ್ದರೂ, ಅದು ಗುಜರಿಗೆ. ಗಾಜಿಗೆ ರಿಪೇರಿ ಇಲ್ಲ.

ಸ್ಟೀಲಿನ ಕಥೆ ಬೇರೆ. ತಳ ಸ್ವಲ್ಪ ಉಬ್ಬಿದ ಮಾತ್ರಕ್ಕೆ ಕ್ಯಾನ್ ಬಿಸಾಡಬೇಕಿಲ್ಲ. ನೀರು ತುಂಬಿ, ಹೊರಗೆ ಒರೆಸಿ, ಒಣ ಪೇಪರಿನ ಮೇಲೆ ಒಂದು ರಾತ್ರಿ ಇಡಿ. ಪೇಪರ್ ಒದ್ದೆಯಾದರೆ ಬೆಸುಗೆ ಬಿಟ್ಟಿದೆ ಅಂತ ಅರ್ಥ. ಗಾಳಿ ತುಂಬಿ ಒತ್ತಡದ ಪರೀಕ್ಷೆ ಮಾಡೋ ಸಾಹಸ ಬೇಡ, ಬೆಸುಗೆ ಸಿಡಿದರೆ ಕ್ಯಾನೇ ಬಾಂಬು. ಬೆಸುಗೆ ಬಿಟ್ಟಿದ್ದರೆ ಗೇಟು, ಗ್ರಿಲ್ ಮಾಡೋರ ಹತ್ತಿರ ಹೋಗಬೇಡಿ. ಡೇರಿ ಟ್ಯಾಂಕ್ ಮಾಡೋರು ನಿಮ್ಮ ತಾಲ್ಲೂಕಿನಲ್ಲೇ ಇರಬಹುದು, ಅವರಿಂದ ಆರ್ಗಾನ್ ವೆಲ್ಡಿಂಗ್ ಮಾಡಿಸಿ ಒಳಮೈ ನುಣ್ಣಗೆ ಪಾಲಿಶ್ ಮಾಡಿಸಿ. ಬೆರಳಿಗೆ ತರಿ ಸಿಕ್ಕರೆ ಬ್ಯಾಕ್ಟೀರಿಯಾಗೂ ಅಲ್ಲಿ ಜಾಗ ಸಿಕ್ಕಿತು ಅಂತಲೇ.

ಬಾಲ್ ವಾಲ್ವ್ ಮೋಸಗಾರ. ಕ್ಯಾನಿನ ನೀರೆಲ್ಲ ಬಸಿದರೂ ಒಳಗಿನ ಗುಂಡಿನ ಸುತ್ತ ಒಂದು ಚಮಚ ನೀರು ಸಿಕ್ಕಿಕೊಂಡಿರುತ್ತೆ. ಪೂರ್ತಿ ತೆರೆದರೂ, ಪೂರ್ತಿ ಮುಚ್ಚಿದರೂ ಅದಕ್ಕೆ ದಾರಿ ಇಲ್ಲ. ಐಸ್ ಆದಾಗ ವಾಲ್ವಿನ ಮೈ ಸೀಳುತ್ತೆ. ತೊಳೆದಾದ ಮೇಲೆ ಹಿಡಿಯನ್ನ ಅರ್ಧಕ್ಕೆ, 45 ಡಿಗ್ರಿಗೆ ತಿರುಗಿಸಿ ಬಿಟ್ಟರೆ ಆಯ್ತು. ಸೀಳಿದ ವಾಲ್ವನ್ನ ಟೆಫ್ಲಾನ್ ಟೇಪ್ ಸುತ್ತಿ ಉಳಿಸೋಕೆ ಆಗಲ್ಲ, ಹೊಸದು ಹಾಕಿ.

ಸಕ್ಕರೆ ಚಹಾ ಬೇಗ ತಣಿಸೋಕೆ ಪ್ಲೇಟ್ ಚಿಲ್ಲರ್ ಇಟ್ಟುಕೊಂಡವರು ಇನ್ನೂ ಹುಷಾರಾಗಿರಬೇಕು. ನೀರು ಉಳಿದ ಚಿಲ್ಲರ್ ಫ್ರೀಜರ್ ಸೇರಿದರೆ ಒಳಗಿನ ಪದರ ಸೀಳುತ್ತೆ, ಹೊರಗೆ ಏನೂ ಕಾಣಲ್ಲ. ಆಮೇಲೆ ತಣಿಸೋ ಹಸಿ ನೀರು ನೇರ ಚಹಾಕ್ಕೆ ಬೆರೆಯುತ್ತೆ. ಪರೀಕ್ಷೆ ಸುಲಭ: ಚಹಾದ ಕಡೆಯ ಎರಡೂ ಬಾಯಿ ಒಣಗಿಸಿ ತೆರೆದಿಡಿ, ನೀರಿನ ಕಡೆಯ ಹೊರಬಾಯಿ ಮುಚ್ಚಿ ನಲ್ಲಿ ಬಿಡಿ. ಹತ್ತು ನಿಮಿಷದಲ್ಲಿ ಚಹಾದ ಬಾಯಲ್ಲಿ ಒಂದು ಹನಿ ಬಂದರೂ ಅದು ಗುಜರಿ.

ಪಿಎಚ್ ಮೀಟರನ್ನ ಜೋಪಾನ ಅಂತ ಫ್ರೀಜರಿನಲ್ಲಿಡೋರೂ ಇದ್ದಾರೆ! ಅದರ ತುದಿಯ ಗಾಜಿನ ಬುಗ್ಗೆ ಬಿರುಕು ಬಿಟ್ಟರೆ ಯಾವ ದ್ರಾವಣದಲ್ಲಿ ಅದ್ದಿದರೂ 7ರ ಆಸುಪಾಸೇ ತೋರಿಸುತ್ತೆ. ಕೊಂಬುಚಾ 4.2ಕ್ಕಿಂತ ಕೆಳಗೆ ಇಳಿದಿದೆಯಾ ಅಂತ ನೋಡೋಕೆ ಇರೋ ಉಪಕರಣವೇ ಸುಳ್ಳು ಹೇಳಿದರೆ ಬೇರೆ ಯಾವುದನ್ನ ನಂಬೋದು? 4 ಮತ್ತು 7ರ ಬಫರಿನಲ್ಲಿ ಆಗಾಗ ಅದ್ದಿ ನೋಡಿ.

ಈಗ ಎಲ್ಲಕ್ಕಿಂತ ಭಯದ ವಿಷಯ. ಕೆಲವರು ಫ್ರೀಜರಿನಲ್ಲಿ ಒಂದು ಬಕೆಟ್ ನೀರಿಟ್ಟು, ಪುಟ್ಟ ಪಂಪಿನಿಂದ ಆ ತಣ್ಣೀರನ್ನ ಕ್ಯಾನಿನೊಳಗಿನ ಕಾಯಿಲ್‌ನಲ್ಲಿ ಸುತ್ತಿಸ್ತಾರೆ. ಉಪಾಯ ಚೆನ್ನಾಗಿದೆ. ಬಕೆಟ್ ಐಸ್ ಆಗಿ ಪಂಪ್ ಸುಟ್ಟುಹೋದ ಮೇಲೆ ಯಾರೋ ಹೇಳ್ತಾರೆ, ‘ಗಾಡಿ ರೇಡಿಯೇಟರಿನ ಕೂಲೆಂಟ್ ಹಾಕು, ಐಸ್ ಆಗಲ್ಲ’ ಅಂತ. ದಯವಿಟ್ಟು ಬೇಡ. ಆ ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರೋದು ಎಥಿಲೀನ್ ಗ್ಲೈಕಾಲ್, ಅದು ವಿಷ. ರುಚಿಯೂ ಸಿಹಿ, ಕಾಯಿಲ್ ಸೋರಿದರೆ ನಾಲಿಗೆಗೆ ಗೊತ್ತೇ ಆಗಲ್ಲ. ಬೇಕಾದ್ದು ಫುಡ್ ಗ್ರೇಡ್ ಪ್ರೊಪಿಲೀನ್ ಗ್ಲೈಕಾಲ್. 7 ಲೀಟರ್ ನೀರಿಗೆ 3 ಲೀಟರ್ ಬೆರೆಸಿದರೆ ಮೈನಸ್ 10ರವರೆಗೂ ಐಸ್ ಆಗಲ್ಲ. ಉಪ್ಪುನೀರೂ ಬೇಡ, ಸ್ಟೀಲ್ ತಿನ್ನುತ್ತೆ.

ಅಮೆರಿಕದಲ್ಲಿ ಮನೆಯಲ್ಲಿ ಬಿಯರ್ ಮಾಡೋದಕ್ಕೆ 1978ರ ಕಾನೂನಿನಿಂದ ಒಕ್ಕೂಟದ ಮಟ್ಟದಲ್ಲಿ ಅನುಮತಿ ಸಿಕ್ಕಿತು. ಅಲ್ಲಿನ ಹಿಮ ಬೀಳುವ ಊರುಗಳಲ್ಲಿ ಈ ಹವ್ಯಾಸದವರು ಚಳಿಗಾಲಕ್ಕೆ ಮುಂಚೆ ಪಂಪು, ಪೈಪು, ಫಿಲ್ಟರಿನ ನೀರೆಲ್ಲ ಬಸಿದು ಇಡ್ತಾರೆ. ಅವರಿಗೆ ವರ್ಷಕ್ಕೊಮ್ಮೆ ಬರುವ ಚಳಿಗಾಲ ನಮ್ಮ ಶೆಡ್ಡಿನಲ್ಲಿ ವರ್ಷವಿಡೀ ಪ್ಲಗ್ಗಿಗೆ ಸಿಕ್ಕಿಸಿಕೊಂಡು ಕೂತಿದೆ.

ಹಾಗಾದರೆ ಫ್ರೀಜರನ್ನ ಹದಕ್ಕೆ ತರೋದು ಹೇಗೆ? ಹೊರಗಿನಿಂದ ಜೋಡಿಸುವ ಡಿಜಿಟಲ್ ಟೆಂಪರೇಚರ್ ಕಂಟ್ರೋಲರ್ ಆನ್‌ಲೈನ್‌ನಲ್ಲಿ ಸಿಗುತ್ತೆ, ಬೆಲೆಯೂ ಭಾರವಲ್ಲ. 4 ಡಿಗ್ರಿಗೆ ಸೆಟ್ ಮಾಡಿ. ಅದರ ಸೆನ್ಸರ್ ತುದಿಯನ್ನ ಗಾಳಿಯಲ್ಲಿ ನೇತುಹಾಕಬೇಡಿ, ಬಾಟಲಿಯ ಮೈಗೆ ಟೇಪ್ ಹಚ್ಚಿ ಮೇಲೊಂದು ಥರ್ಮೋಕೋಲ್ ತುಂಡು ಮುಚ್ಚಿ. ಕರೆಂಟು ಹೋಗಿ ಬಂದಾಗ ಕಂಪ್ರೆಸರ್ ತಕ್ಷಣ ಎದ್ದೇಳದ ಹಾಗೆ 3ರಿಂದ 5 ನಿಮಿಷದ ಡಿಲೇ ಇಡಿ. ಕಂಟ್ರೋಲರಿನ ರಿಲೇ ಕೆಲವೊಮ್ಮೆ ಅಂಟಿಕೊಂಡು ರಾತ್ರಿಯಿಡೀ ಕಂಪ್ರೆಸರ್ ಓಡುತ್ತೆ. ಅದಕ್ಕೆ ಎರಡು ಕಂಟ್ರೋಲರನ್ನ ಒಂದರ ಹಿಂದೆ ಒಂದು ಹಾಕಿಸೋದು ನನಗೆ ಇಷ್ಟ: ಒಂದು 4ಕ್ಕೆ, ಇನ್ನೊಂದು 2ಕ್ಕೆ. ಮೊದಲನೇದು ಕೈಕೊಟ್ಟರೂ ಎರಡನೇದು ಕಡಿಯುತ್ತೆ. ವೈರಿಂಗ್ ಎಲೆಕ್ಟ್ರಿಷಿಯನ್ನೇ ಮಾಡಲಿ, ಅರ್ಥಿಂಗ್ ಇರಲೇಬೇಕು, ಶೆಡ್ಡಿನ ನೆಲ ಸದಾ ಒದ್ದೆ ತಾನೇ?

ಇಂಥ ಪೆಟ್ಟಿಗೆಗಳಲ್ಲಿ ತಣ್ಣಗೆ ಮಾಡೋ ಕೊಳವೆ ಸಾಮಾನ್ಯವಾಗಿ ಗೋಡೆಯೊಳಗೇ ಇರುತ್ತೆ, ಹಾಗಾಗಿ ಗೋಡೆಗೆ ತಾಗಿದ ಬಾಟಲಿ ಮೊದಲು ಐಸ್ ಆಗುತ್ತೆ. ಎರಡು ಬೆರಳಿನಷ್ಟು ಜಾಗ ಬಿಟ್ಟು ಜೋಡಿಸಿ. ಗೋಡೆಗೆ ಕಟ್ಟಿದ ಐಸನ್ನ ಚಾಕುವಿನಲ್ಲಿ ಕೆರೆಯಬೇಡಿ, ಕೊಳವೆಗೆ ತೂತು ಬಿದ್ದರೆ ಗ್ಯಾಸ್ ಹೋಗಿ ಫ್ರೀಜರೇ ಗುಜರಿ. ಸ್ವಿಚ್ ಆಫ್ ಮಾಡಿ, ಮುಚ್ಚಳ ತೆರೆದು, ಅದಾಗಿ ಕರಗೋವರೆಗೆ ತೋಟದಲ್ಲಿ ಬೇರೆ ಕೆಲಸ ನೋಡಿ.