ಅಪರೂಪದ ರೋಗದ ಔಷಧ: ಬೆಲೆಯ ಲೆಕ್ಕ ಮತ್ತು ತೆರಿಗೆಯ ಲೆಕ್ಕ

ವಸ್ತುವಿನ ಬೆಲೆಯನ್ನು ನಿರ್ಧರಿಸುವುದು ಯಾವುದೆಂದು ಕೇಳಿದರೆ ವಾಣಿಜ್ಯ ಪದವಿಯ ಪ್ರಥಮ ವರ್ಷದ ವಿದ್ಯಾರ್ಥಿಯೂ ಬೇಡಿಕೆ ಮತ್ತು ಪೂರೈಕೆ ಎಂದು ಉತ್ತರಿಸುತ್ತಾನೆ. ಉತ್ಪಾದನಾ ವೆಚ್ಚ, ಸಾಗಾಣಿಕೆ, ತೆರಿಗೆ, ಲಾಭಾಂಶ ಇವುಗಳನ್ನು ಕೂಡಿಸಿ ಮಾರಾಟ ಬೆಲೆಯನ್ನು ಕಾಣುವುದು ವರ್ತಕರಿಗೆ ನಿತ್ಯದ ಕೆಲಸ. ಈ ಯಾವ ಸೂತ್ರಕ್ಕೂ ಒಗ್ಗದ ಸರಕೊಂದು 2021ರ ಜುಲೈ ತಿಂಗಳಲ್ಲಿ ಭಾರತದ ಮಾರುಕಟ್ಟೆಗೆ ಬಂದಿತು. 60 ಮಿಲಿಗ್ರಾಂ ಔಷಧವುಳ್ಳ ಒಂದು ಸೀಸೆ. ಬೆಲೆ ಸುಮಾರು 6.2 ಲಕ್ಷ ರೂಪಾಯಿ. 2025ರ ಅಕ್ಟೋಬರ್ ತಿಂಗಳಲ್ಲಿ ಅದೇ ಔಷಧ, ಅದೇ ಪ್ರಮಾಣದಲ್ಲಿ, ಹೈದರಾಬಾದಿನ ಕಂಪನಿಯೊಂದರ ತಯಾರಿಕೆಯಾಗಿ 15,900 ರೂಪಾಯಿಗೆ ಬಿಡುಗಡೆಯಾಯಿತು. ನಾಲ್ಕು ವರ್ಷಗಳಲ್ಲಿ ನೂರಕ್ಕೆ 97ಕ್ಕೂ ಮೀರಿದ ಇಳಿಕೆ! ಈ ಅಂತರ ಎಲ್ಲಿಂದ ಹುಟ್ಟಿತು, ಇದರಲ್ಲಿ ಸರ್ಕಾರದ ತೆರಿಗೆಯ ಪಾಲೆಷ್ಟು, ತಯಾರಕರ ಪಾಲೆಷ್ಟು ಎಂಬುದು ವೈದ್ಯರಿಗಿಂತ ಹೆಚ್ಚಾಗಿ ವ್ಯಾಪಾರೋದ್ಯಮಿಗಳು ಪರಿಶೀಲಿಸಬೇಕಾದ ವಿಷಯ.

ಔಷಧದ ಹೆಸರು ರಿಸ್ಡಿಪ್ಲಾಮ್. ಸ್ವಿಟ್ಜರ್ಲೆಂಡಿನ ರೋಶ್ ಕಂಪನಿ ಇದನ್ನು ಎವ್ರಿಸ್ಡಿ ಎಂಬ ಹೆಸರಿನಲ್ಲಿ ಮಾರುತ್ತದೆ. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಸಂಕ್ಷೇಪವಾಗಿ ಎಸ್.ಎಂ.ಎ. ಎಂಬ ಆನುವಂಶಿಕ ಸ್ನಾಯುಕ್ಷಯ ರೋಗಕ್ಕೆ ಇದು ಚಿಕಿತ್ಸೆ. ಬೆನ್ನುಹುರಿಯಿಂದ ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರಕೋಶಗಳು ಬದುಕಿ ಉಳಿಯಲು ಒಂದು ಪ್ರೋಟೀನು ಬೇಕು. ಅದನ್ನು ತಯಾರಿಸುವ ಮುಖ್ಯ ಜೀನು ಈ ಮಕ್ಕಳಲ್ಲಿ ಇರುವುದಿಲ್ಲ ಅಥವಾ ಕೆಟ್ಟಿರುತ್ತದೆ. ಅದರ ಪಕ್ಕದಲ್ಲಿಯೇ ಇರುವ ಎರಡನೆಯ ಜೀನು ಅಲ್ಪಸ್ವಲ್ಪ ಪ್ರೋಟೀನನ್ನು ಮಾತ್ರ ಒದಗಿಸುತ್ತದೆ. ಮುಖ್ಯ ಕಾರ್ಖಾನೆ ಮುಚ್ಚಿ, ಶಾಖಾ ಘಟಕ ಹತ್ತರಲ್ಲಿ ಒಂದು ಪಾಲು ಸರಕನ್ನು ಮಾತ್ರ ಸರಿಯಾಗಿ ತಯಾರಿಸಿ ಉಳಿದುದನ್ನು ತಿರಸ್ಕೃತ ಮಾಲನ್ನಾಗಿ ಹೊರಹಾಕಿದಂತೆ ಇದರ ಸ್ಥಿತಿ. ರಿಸ್ಡಿಪ್ಲಾಮ್ ಆ ಶಾಖಾ ಘಟಕದ ಕೆಲಸವನ್ನು ತಿದ್ದುತ್ತದೆ. ದಿನಕ್ಕೊಮ್ಮೆ ಬಾಯಿಯ ಮೂಲಕ ಕೊಡುವ ಔಷಧವಾದ್ದರಿಂದ ಮನೆಯಲ್ಲಿ ತಾಯಿಯೇ ಕುಡಿಸಬಹುದು. ಚಿಕಿತ್ಸೆಯಿಲ್ಲದಿದ್ದರೆ ರೋಗದ ತೀವ್ರ ಸ್ವರೂಪದಲ್ಲಿ ಬಹುಪಾಲು ಶಿಶುಗಳು ಎರಡು ವರ್ಷ ತುಂಬುವ ಮೊದಲೇ ಉಸಿರಾಟದ ಸ್ನಾಯುಗಳು ಸೋತು ತೀರಿಕೊಳ್ಳುತ್ತವೆ.

ಸುಮಾರು 10,000 ಜನನಗಳಿಗೆ ಒಂದರಂತೆ ಕಾಣುವ ರೋಗವಿದು. ತಂದೆತಾಯಿಗಳಿಬ್ಬರೂ ದೋಷವುಳ್ಳ ಜೀನಿನ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲಿಯೂ ನಾಲ್ಕರಲ್ಲಿ ಒಂದು ಸಂಭವ. ಸೋದರಮಾವನಿಗೆ ಹೆಣ್ಣು ಕೊಡುವ ಪದ್ಧತಿ ಇನ್ನೂ ಉಳಿದಿರುವ ಕರ್ನಾಟಕದಲ್ಲಿ ಇಂತಹ ರೋಗಗಳ ಸಂಭವ ಹೆಚ್ಚುತ್ತದೆ ಎಂಬುದನ್ನು ವರ್ತಕ ಕುಟುಂಬಗಳೂ ಮನಗಾಣಬೇಕು. ಆಸ್ತಿ ಮನೆಯಲ್ಲೇ ಉಳಿಯಲೆಂದು ಕೂಡಿಸಿದ ಸಂಬಂಧ ಆಸ್ತಿಯನ್ನೇ ಕರಗಿಸುವ ಕಾಯಿಲೆಗೆ ದಾರಿಯಾದ ನಿದರ್ಶನಗಳು ಇಲ್ಲದಿಲ್ಲ.

ಇಂತಹ ಔಷಧಗಳ ಬೆಲೆಯನ್ನು ನಿಗದಿಪಡಿಸುವ ಪರಿ ಗಮನಾರ್ಹವಾದುದು. ಎಸ್.ಎಂ.ಎ. ರೋಗಕ್ಕೆ ಮೊದಲು ಬಂದ ಔಷಧ ಸ್ಪಿನ್‌ರಾಜಾ. 2016ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇದರ ಬೆಲೆ ಮೊದಲ ವರ್ಷಕ್ಕೆ 7.5 ಲಕ್ಷ ಡಾಲರ್, ಅನಂತರ ವರ್ಷಕ್ಕೆ 3.75 ಲಕ್ಷ ಡಾಲರ್. ಹತ್ತು ವರ್ಷಕ್ಕೆ ಕೂಡಿಸಿದರೆ 41.25 ಲಕ್ಷ ಡಾಲರ್ ಆಗುತ್ತದೆ. 2019ರ ಮೇ ತಿಂಗಳಲ್ಲಿ ನೊವಾರ್ಟಿಸ್ ಕಂಪನಿಯ ಜೋಲ್ಜೆನ್ಸ್ಮಾ ಬಂದಿತು. ನಿರುಪದ್ರವಿ ವೈರಾಣುವೊಂದರ ಮೂಲಕ ಒಳ್ಳೆಯ ಜೀನನ್ನೇ ದೇಹಕ್ಕೆ ಸೇರಿಸುವ, ಜೀವಮಾನದಲ್ಲಿ ಒಮ್ಮೆ ಮಾತ್ರ ಕೊಡುವ ಚಿಕಿತ್ಸೆ ಇದು. ಬೆಲೆ 21.25 ಲಕ್ಷ ಡಾಲರ್. ಹಳೆಯ ಔಷಧದ ಹತ್ತು ವರ್ಷದ ವೆಚ್ಚದ ಅರ್ಧದಷ್ಟೇ ಬೆಲೆ ಎಂಬುದು ಕಂಪನಿಯ ಸಮರ್ಥನೆಯಾಗಿತ್ತು. ಅಂದರೆ ಬೆಲೆಗೆ ಆಧಾರ ತಯಾರಿಕೆಯ ವೆಚ್ಚವಲ್ಲ, ಪಕ್ಕದ ಅಂಗಡಿಯ ಬೆಲೆ. ಪಕ್ಕದ ಅಂಗಡಿಯವನೂ ಏಕಸ್ವಾಮ್ಯದವನೇ! ಇದರ ಹಿಂದೆ ಇನ್ನೊಂದು ಲೆಕ್ಕವೂ ಉಂಟು. ಈ ಚಿಕಿತ್ಸೆಯನ್ನು ರೂಪಿಸುತ್ತಿದ್ದ ಅವೆಕ್ಸಿಸ್ ಎಂಬ ಸಣ್ಣ ಕಂಪನಿಯನ್ನು ನೊವಾರ್ಟಿಸ್ 2018ರಲ್ಲಿ 870 ಕೋಟಿ ಡಾಲರಿಗೆ ಕೊಂಡಿತ್ತು. ಆ ಖರೀದಿಯ ಹಣ ಹಿಂದಿರುಗಬೇಕಾದದ್ದು ಬೆರಳೆಣಿಕೆಯ ಗ್ರಾಹಕರಿಂದ.

ಹೀಗೆಂದ ಮಾತ್ರಕ್ಕೆ ಸಂಶೋಧಕ ಕಂಪನಿಗಳೆಲ್ಲವೂ ಸುಲಿಗೆಕೋರರೆಂದು ಷರಾ ಬರೆಯುವುದು ನ್ಯಾಯವಾಗದು. 1983ಕ್ಕಿಂತ ಮುಂಚೆ ಇಂತಹ ರೋಗಗಳ ಕಡೆ ಔಷಧೋದ್ಯಮ ತಿರುಗಿಯೂ ನೋಡುತ್ತಿರಲಿಲ್ಲ. ಆ ವರ್ಷ ಅಮೆರಿಕ ಸರ್ಕಾರ ಅನಾಥ ಔಷಧಗಳ ಕಾಯಿದೆಯನ್ನು ತಂದು, ಅಪರೂಪದ ರೋಗಕ್ಕೆ ಔಷಧ ಕಂಡುಹಿಡಿದವರಿಗೆ ಏಳು ವರ್ಷಗಳ ಏಕಸ್ವಾಮ್ಯವನ್ನೂ, ಪ್ರಯೋಗ ವೆಚ್ಚದ ಅರ್ಧದಷ್ಟು ಆದಾಯ ತೆರಿಗೆ ರಿಯಾಯಿತಿಯನ್ನೂ ನೀಡಿತು (2018ರಿಂದ ಈ ರಿಯಾಯಿತಿ ಶೇಕಡ 25ಕ್ಕೆ ಇಳಿದಿದೆ). ಇಂದಿನ ಬಹುಪಾಲು ಔಷಧಗಳು ಆ ಕಾಯಿದೆಯ ಫಲ. ಲಾಭದ ಆಸೆ ತೋರಿಸಿದಲ್ಲದೆ ಬಂಡವಾಳ ಬಾರದೆಂಬುದು ವ್ಯಾಪಾರಿಗಳಿಗೆ ಹೊಸತಾಗಿ ಹೇಳಬೇಕಾದ ಮಾತಲ್ಲ. ಆದರೆ ಲಾಭಕ್ಕೆ ಮೇರೆ ಎಲ್ಲಿ ಎಂಬ ಪ್ರಶ್ನೆಯನ್ನು ಆ ಕಾಯಿದೆ ಕೇಳಲಿಲ್ಲ.

ಭಾರತ ಸರ್ಕಾರ ಈವರೆಗೆ ಮಾಡಿರುವುದೇನು? ಒಂದು, ತೆರಿಗೆ ಬಿಟ್ಟುಕೊಟ್ಟಿದೆ. 2021ರಲ್ಲಿ ಮುಂಬಯಿಯ ಮಗುವೊಂದಕ್ಕೆ ಸಾರ್ವಜನಿಕ ವಂತಿಗೆಯಿಂದ 16 ಕೋಟಿ ರೂಪಾಯಿಯ ಜೋಲ್ಜೆನ್ಸ್ಮಾ ತರಿಸುವಾಗ ಸುಂಕ ಮತ್ತು ತೆರಿಗೆ ಸೇರಿ ಸುಮಾರು ಆರು ಕೋಟಿ ರೂಪಾಯಿಯನ್ನು ಮನ್ನಾ ಮಾಡಬೇಕಾಯಿತು. ಬೇಡಿ ತಂದ ಹಣದ ಮೇಲೆ ಆರು ಕೋಟಿ ತೆರಿಗೆ ಎಂಬುದು ದೇಶದ ಗಮನ ಸೆಳೆದ ಮೇಲೆ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲಖನೌ ನಗರದಲ್ಲಿ ಸೇರಿದ ಜಿ.ಎಸ್.ಟಿ. ಮಂಡಳಿ ಸ್ವಂತ ಬಳಕೆಗಾಗಿ ತರಿಸುವ ಈ ಔಷಧಕ್ಕೆ ವಿನಾಯಿತಿ ನೀಡಿತು. 2023ರ ಏಪ್ರಿಲ್ 1ರಿಂದ, ರಾಷ್ಟ್ರೀಯ ನೀತಿಯ ಪಟ್ಟಿಯಲ್ಲಿರುವ ಎಲ್ಲ ಅಪರೂಪದ ರೋಗಗಳಿಗಾಗಿ ಸ್ವಂತ ಬಳಕೆಗೆ ತರಿಸುವ ಔಷಧಗಳ ಮೂಲ ಸೀಮಾಸುಂಕವೂ ರದ್ದಾಯಿತು. 2025ರ ಸೆಪ್ಟೆಂಬರ್ 22ರಿಂದ ರಿಸ್ಡಿಪ್ಲಾಮ್ ಸೇರಿದಂತೆ 33 ಜೀವರಕ್ಷಕ ಔಷಧಗಳ ಜಿ.ಎಸ್.ಟಿ. ಶೇಕಡ 12ರಿಂದ ಶೂನ್ಯಕ್ಕೆ ಇಳಿದಿದೆ. ಎರಡು, 2021ರ ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯನ್ವಯ, 2022ರ ಮೇ ತಿಂಗಳಿನಿಂದ ಎಲ್ಲ ವರ್ಗದ ರೋಗಿಗಳಿಗೂ ತಲಾ 50 ಲಕ್ಷ ರೂಪಾಯಿವರೆಗೆ ನೆರವು ಘೋಷಿಸಿದೆ. ಗೊತ್ತುಪಡಿಸಿದ ಉತ್ಕೃಷ್ಟತಾ ಕೇಂದ್ರಗಳ ಮೂಲಕವೇ ಈ ಹಣ ವೆಚ್ಚವಾಗುತ್ತದೆ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೊಡಗೂಡಿ ಮಾನವ ತಳಿವಿಜ್ಞಾನ ಕೇಂದ್ರ ಈ ಹೊಣೆ ಹೊತ್ತಿದೆ.

ಈಗ ಆ 50 ಲಕ್ಷವನ್ನು ಲೆಕ್ಕಕ್ಕೆ ಹಚ್ಚಿ ನೋಡಬಹುದು. 20 ಕಿಲೋ ತೂಕ ದಾಟಿದ ರೋಗಿಗೆ ದಿನಕ್ಕೆ 5 ಮಿಲಿಗ್ರಾಂ ಬೇಕು. 60 ಮಿಲಿಗ್ರಾಮಿನ ಒಂದು ಸೀಸೆ ಹನ್ನೆರಡು ದಿನಕ್ಕೆ ಬರುತ್ತದೆ; ವರ್ಷಕ್ಕೆ 30 ಸೀಸೆ. ಹಳೆಯ ಬೆಲೆಯಲ್ಲಿ ವರ್ಷಕ್ಕೆ 1.86 ಕೋಟಿ ರೂಪಾಯಿ. ಸರ್ಕಾರದ 50 ಲಕ್ಷಕ್ಕೆ ಸಿಗುತ್ತಿದ್ದುದು ಎಂಟು ಸೀಸೆ, ಅಂದರೆ 96 ದಿನಗಳ ಔಷಧ. ತೊಂಬತ್ತೇಳನೆಯ ದಿನ ತಂದೆತಾಯಿ ಏನು ಮಾಡಬೇಕೆಂಬುದಕ್ಕೆ ನೀತಿಯಲ್ಲಿ ಉತ್ತರವಿರಲಿಲ್ಲ. ರೋಶ್ ಕಂಪನಿ ತನ್ನ ರೋಗಿ ನೆರವು ಯೋಜನೆಯಲ್ಲಿ ಕೆಲವು ಸೀಸೆಗಳನ್ನು ಉಚಿತವಾಗಿ ಕೊಡುತ್ತಿದ್ದುದನ್ನೂ ಹೇಳಬೇಕು. ಆದರೂ ಮಧ್ಯಮ ವರ್ಗದ ಕೈಗೆ ಎಟುಕುವ ಮಾತಾಗಿರಲಿಲ್ಲ. ಹೊಸ ಬೆಲೆಯಲ್ಲಿ ವರ್ಷದ ವೆಚ್ಚ 4.77 ಲಕ್ಷ. ಅದೇ 50 ಲಕ್ಷಕ್ಕೆ 314 ಸೀಸೆ ಬರುತ್ತವೆ; ಹತ್ತು ವರ್ಷ ದಾಟಿ ನಡೆಯುತ್ತದೆ.

ಮೇಲಿನ ಎರಡು ಉಪಾಯಗಳನ್ನು ತಕ್ಕಡಿಯಲ್ಲಿಟ್ಟರೆ ವ್ಯತ್ಯಾಸ ತಾನೇ ಗೋಚರಿಸುತ್ತದೆ. ಮುಂಬಯಿಯ ಪ್ರಕರಣದಲ್ಲಿ ತೆರಿಗೆ ಮನ್ನಾದಿಂದ ಒಟ್ಟು ಬಿಲ್ಲು ಕಾಲು ಭಾಗದಷ್ಟು ತಗ್ಗಿತು. ಪೈಪೋಟಿಯ ತಯಾರಕನೊಬ್ಬ ಬಂದುದರಿಂದ ರಿಸ್ಡಿಪ್ಲಾಮ್ ಬೆಲೆ ನಲವತ್ತರಲ್ಲಿ ಒಂದು ಪಾಲಿಗೆ ಕುಸಿಯಿತು. ಇದು ಒಂದೇ ನಿದರ್ಶನವೂ ಅಲ್ಲ. ಟೈರೋಸಿನೀಮಿಯಾ ಎಂಬ ರೋಗಕ್ಕೆ ಬೇಕಾದ ನಿಟಿಸಿನೋನ್ ಆಮದು ಔಷಧಕ್ಕೆ ವರ್ಷಕ್ಕೆ 2.2 ಕೋಟಿ ರೂಪಾಯಿ ತಗಲುತ್ತಿತ್ತು. ದೇಶೀಯ ತಯಾರಿಕೆಯಿಂದ ಅದು 2.5 ಲಕ್ಷಕ್ಕೆ ಇಳಿಯಿತೆಂದು ಕೇಂದ್ರ ಆರೋಗ್ಯ ಸಚಿವಾಲಯ 2023ರ ನವೆಂಬರಿನಲ್ಲಿ ಪ್ರಕಟಿಸಿತು. ವಿಲ್ಸನ್ ರೋಗದ ಟ್ರೈಯೆಂಟೀನ್ 2.2 ಕೋಟಿಯಿಂದ 2.2 ಲಕ್ಷಕ್ಕೆ ಬಂದಿತು. ತೆರಿಗೆ ಮನ್ನಾ ಮಾಡುವುದು ಸರ್ಕಾರಕ್ಕೆ ಸುಲಭ, ಪತ್ರಿಕೆಗಳಲ್ಲಿ ಸುದ್ದಿಯೂ ಚೆನ್ನಾಗಿ ಬರುತ್ತದೆ. ಆದರೆ ಬೆಲೆಯ ಬೇರಿರುವುದು ಬೇರೆಡೆ.

ಇಲ್ಲಿಯೇ ತಯಾರಕರು ಸೂಕ್ಷ್ಮವಾಗಿ ಗಮನಿಸಬೇಕಾದ ಅಂಶವೊಂದಿದೆ. ಜಿ.ಎಸ್.ಟಿ. ಕಾನೂನಿನಲ್ಲಿ 'ಶೂನ್ಯ ದರ' ಮತ್ತು 'ವಿನಾಯಿತಿ' ಎಂಬ ಪದಗಳು ಜನಸಾಮಾನ್ಯರಿಗೆ ಒಂದೇ ಎನಿಸಿದರೂ ಲೆಕ್ಕಪುಸ್ತಕದಲ್ಲಿ ಅಜಗಜಾಂತರ. ರಫ್ತು ಮಾಡಿದ ಸರಕಿಗೆ ಶೂನ್ಯ ದರ. ಕಚ್ಚಾ ಸಾಮಗ್ರಿ, ಪ್ಯಾಕಿಂಗ್, ಪ್ರಯೋಗಾಲಯದ ಸೇವೆ ಮುಂತಾದುವುಗಳ ಮೇಲೆ ಕಟ್ಟಿದ ತೆರಿಗೆ ತಯಾರಕನಿಗೆ ಮರಳಿ ಬರುತ್ತದೆ. ದೇಶದೊಳಗೆ ತೆರಿಗೆರಹಿತವಾಗಿ ಮಾರಿದ ಸರಕು ವಿನಾಯಿತಿಯ ಸರಕು; ಕಾಯಿದೆಯ 17(2)ನೆಯ ವಿಧಿಯಂತೆ ಹೂಡುವಳಿ ತೆರಿಗೆಯ ಜಮೆ ಅವನಿಗೆ ದಕ್ಕುವುದಿಲ್ಲ. ಕಟ್ಟಿದ ತೆರಿಗೆ ವೆಚ್ಚವಾಗಿ ಬೆಲೆಯೊಳಗೆ ಸೇರಿಕೊಳ್ಳುತ್ತದೆ. ಔಷಧಕ್ಕೆ ಶೇಕಡ 12 ತೆರಿಗೆ ಇದ್ದಾಗ ಆ ಜಮೆಯನ್ನು ವಜಾ ಹಾಕಿಕೊಳ್ಳಬಹುದಿತ್ತು. ಶೇಕಡ 5 ಇರುವ ಸಾಮಾನ್ಯ ಔಷಧಗಳಲ್ಲಿ, ವಿಲೋಮ ತೆರಿಗೆ ರಚನೆಯ ಕಾರಣ, ಕಚ್ಚಾ ಸಾಮಗ್ರಿಯ ಮೇಲೆ ಉಳಿದುಹೋದ ಜಮೆಗೆ ಮರುಪಾವತಿ ಕೇಳಲು ಅವಕಾಶವಿದೆ. ಪೂರ್ಣ ವಿನಾಯಿತಿಯಲ್ಲಿ ಎರಡೂ ಇಲ್ಲ. ಹೊರದೇಶದ ತಯಾರಕ ತನ್ನ ದೇಶದಲ್ಲಿ ರಫ್ತಿನ ಸೌಲಭ್ಯ ಪಡೆದು, ಇಲ್ಲಿ ಏನನ್ನೂ ತೆರದೆ ಸರಕು ಇಳಿಸುತ್ತಾನೆ. ಇಲ್ಲಿಯ ತಯಾರಕ ತೆರಿಗೆ ಹೊತ್ತ ಸರಕಿನೊಂದಿಗೆ ಅವನೆದುರು ನಿಲ್ಲುತ್ತಾನೆ. ವಿದೇಶದ ರೋಗಿಗೆ ಮಾರಿದರೆ ತೆರಿಗೆ ವಾಪಸು, ಸ್ವದೇಶದ ರೋಗಿಗೆ ಮಾರಿದರೆ ತೆರಿಗೆ ನಷ್ಟ! ಮೊತ್ತ ಭಾರಿಯೇನಲ್ಲ ಎಂದು ಅಧಿಕಾರಿಗಳು ಹೇಳಬಹುದು. ಲಕ್ಷಗಟ್ಟಲೆ ಮಾರಾಟವಾಗುವ ಜ್ವರದ ಮಾತ್ರೆಗೆ ಆ ವಾದ ಒಪ್ಪೀತು. ವರ್ಷಕ್ಕೆ ಕೆಲವೇ ಸಾವಿರ ಸೀಸೆ ಹೋಗುವ ಸರಕಿನಲ್ಲಿ ತಯಾರಿಕೆಗೆ ಇಳಿಯಬೇಕೋ ಬೇಡವೋ ಎಂಬುದನ್ನು ನಿರ್ಣಯಿಸುವುದು ಇಂತಹ ಸಣ್ಣ ಬಾಬುಗಳೇ.

ಬೀದರಿನ ಕೊಳಾರದಲ್ಲಾಗಲಿ ಯಾದಗಿರಿಯ ಕಡೇಚೂರಿನಲ್ಲಾಗಲಿ ಔಷಧ ಘಟಕ ನಡೆಸುವವರಿಗೆ ಇಂತಹ ಸರಕಿನ ಇನ್ನೊಂದು ತೊಡಕು ಕೊಳ್ಳುವವರ ಸಂಖ್ಯೆ. ಎಷ್ಟು ಸೀಸೆ ಹೋದೀತೆಂದು ತಿಳಿಯದೆ ಯಾರೂ ಯಂತ್ರ ಹೂಡಲಾರರು. ಸರ್ಕಾರ ರೋಗಿಗೊಬ್ಬರಂತೆ ಹಣ ಮಂಜೂರು ಮಾಡಿ ಚಿಲ್ಲರೆಯಾಗಿ ಕೊಳ್ಳುವುದನ್ನು ಬಿಟ್ಟು, ದೇಶದ ಎಲ್ಲ ಉತ್ಕೃಷ್ಟತಾ ಕೇಂದ್ರಗಳ ಅಗತ್ಯವನ್ನು ಒಟ್ಟುಗೂಡಿಸಿ ಮೂರು ವರ್ಷದ ದರ ಕರಾರು ಮಾಡಿಕೊಂಡರೆ ಬೆಲೆ ಇನ್ನೂ ಇಳಿಯುವುದು ನಿಶ್ಚಯ. ಸಗಟು ಖರೀದಿಯ ಈ ಪಾಠವನ್ನು ಸಂತೆಯ ವ್ಯಾಪಾರಿಯೂ ಬಲ್ಲ. 50 ಲಕ್ಷದ ಮಿತಿ ಏಕಸ್ವಾಮ್ಯದ ಬೆಲೆಯ ಕಾಲದ್ದು. ಮಿತಿಯನ್ನು ರೂಪಾಯಿಯಲ್ಲಿ ಅಲ್ಲದೆ ಚಿಕಿತ್ಸೆಯ ವರ್ಷಗಳಲ್ಲಿ ಹೇಳುವಂತೆ ನೀತಿಯನ್ನು ಪರಿಷ್ಕರಿಸುವುದು ಅಗತ್ಯ.

ಒಂದು ಮಗುವಿಗೆ ಇಷ್ಟು ಹಣವೇಕೆ, ಅದರಲ್ಲಿ ನೂರಾರು ಕ್ಷಯರೋಗಿಗಳನ್ನು ಗುಣಪಡಿಸಬಹುದಲ್ಲ ಎಂಬ ಆಕ್ಷೇಪಣೆಯನ್ನು ವ್ಯಾಪಾರಿ ವಲಯದಲ್ಲಿಯೇ ಆಗಾಗ ಕೇಳುವುದುಂಟು. ವರ್ಷಕ್ಕೆ 1.86 ಕೋಟಿ ಇದ್ದಾಗ ಆ ವಾದಕ್ಕೆ ತೂಕವಿತ್ತೆಂದು ಒಪ್ಪಬೇಕು. 4.77 ಲಕ್ಷದಲ್ಲಿ ಆ ತೂಕ ಉಳಿಯದು. ಆದರೂ ತಿಂಗಳಿಗೆ ಸುಮಾರು 40 ಸಾವಿರ ರೂಪಾಯಿ ಸಣ್ಣ ಅಂಗಡಿಯವನಿಗೆ ಮಳಿಗೆಯ ಬಾಡಿಗೆ ಮತ್ತು ಇಬ್ಬರು ನೌಕರರ ಸಂಬಳದಷ್ಟು, ಅದೂ ಜೀವಮಾನಪರ್ಯಂತ.

ಎಲ್ಲ ಔಷಧಗಳನ್ನೂ ಹೀಗೆ ತಯಾರಿಸಲು ಬಾರದು. ರಿಸ್ಡಿಪ್ಲಾಮ್ ರಾಸಾಯನಿಕ ಸಂಯೋಜನೆ. ಜೀನ್ ಚಿಕಿತ್ಸೆ ಜೀವಂತ ಕೋಶಗಳಲ್ಲಿ ಬೆಳೆಸಬೇಕಾದ ಸರಕು, ಅದರ ನಕಲು ಸುಲಭಸಾಧ್ಯವಲ್ಲ. ಅಲ್ಲಿ ಸ್ವಂತ ಸಂಶೋಧನೆಯೇ ಗತಿ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಅಂಗವಾಗಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿರುವ ಕೇಂದ್ರವು ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ರೋಗಕ್ಕೆ ಜೀನ್ ಚಿಕಿತ್ಸೆಯನ್ನು ಐವರು ರೋಗಿಗಳಿಗೆ ನೀಡಿ, ರಕ್ತಸ್ರಾವ ಪೂರ್ಣ ನಿಂತಿದ್ದುದನ್ನು 2024ರ ಡಿಸೆಂಬರಿನಲ್ಲಿ ಪ್ರಕಟಿಸಿದೆ. 2021ರಲ್ಲಿ ಆರಂಭವಾದ 15,000 ಕೋಟಿ ರೂಪಾಯಿಯ ಉತ್ಪಾದನಾ ಆಧಾರಿತ ಪ್ರೋತ್ಸಾಹ ಯೋಜನೆಯಲ್ಲಿ ಅನಾಥ ಔಷಧಗಳೂ ಜೀನ್ ಚಿಕಿತ್ಸೆಯೂ ಸೇರಿವೆ. ಅದರ ಬಹುಪಾಲು ದೊಡ್ಡ ಕಂಪನಿಗಳ ಅಳತೆಗೆ ಹೊಲಿದ ಅಂಗಿ ಎಂಬುದು ಬೇರೆ ಮಾತು.

ಬಜೆಟ್ ಪೂರ್ವದಲ್ಲಿ ವಾಣಿಜ್ಯ ಸಂಸ್ಥೆಗಳು ಸಲ್ಲಿಸುವ ಮನವಿಪತ್ರಗಳಲ್ಲಿ ವಿನಾಯಿತಿ ಪಡೆದ ಈ ಔಷಧಗಳ ದೇಶೀಯ ತಯಾರಕರಿಗೆ ಹೂಡುವಳಿ ತೆರಿಗೆಯ ಮರುಪಾವತಿ ಎಂಬ ಒಂದು ಸಾಲು ಸೇರುವುದು ಕಷ್ಟವಲ್ಲ. ವಿಳಂಬಕ್ಕೆ ಎಡೆಯಿಲ್ಲ. ಹೈದರಾಬಾದಿನ ನ್ಯಾಟ್ಕೋ ಕಂಪನಿಗೆ ದೆಹಲಿ ಉಚ್ಚ ನ್ಯಾಯಾಲಯ 2025ರ ಮಾರ್ಚ್ ಮತ್ತು ಅಕ್ಟೋಬರಿನಲ್ಲಿಯೂ, ಅನಂತರ ಅದೇ ಅಕ್ಟೋಬರ್ 17ರಂದು ಸರ್ವೋಚ್ಚ ನ್ಯಾಯಾಲಯವೂ ಮಾರಾಟಕ್ಕೆ ತಡೆ ನೀಡಲು ನಿರಾಕರಿಸಿದ್ದು ಮಧ್ಯಂತರ ಹಂತದಲ್ಲಿ ಮಾತ್ರ. ರೋಶ್ ಪಡೆದ ಪೇಟೆಂಟಿನ ಅವಧಿ 2035ರವರೆಗೆ ಇದೆ. ಅದು ಸಿಂಧುವೋ ಅಲ್ಲವೋ ಎಂಬುದು ಪೂರ್ಣ ವಿಚಾರಣೆಯಲ್ಲಿ ತೀರ್ಮಾನವಾಗಬೇಕಾದದ್ದು. ತೀರ್ಪು ವಿರುದ್ಧವಾದರೆ ನಷ್ಟಪರಿಹಾರ ತೆರುವ ಹೊಣೆಯನ್ನು ಹೊತ್ತೇ ಆ ಕಂಪನಿ 15,900 ರೂಪಾಯಿಯ ಸೀಸೆಯನ್ನು ಮಾರುಕಟ್ಟೆಗೆ ಇಳಿಸಿದೆ.