ಆಪತ್ಕಾಲದ ದನಿ

2004ರ ಡಿಸೆಂಬರ್ ತಿಂಗಳಲ್ಲಿ ಭಾರತಿ ಪ್ರಸಾದ್ ಅವರ ನೇತೃತ್ವದ ಹವ್ಯಾಸಿ ರೇಡಿಯೊ ತಂಡವೊಂದು ಅಂಡಮಾನಿನ ಪೋರ್ಟ್ ಬ್ಲೇರ್‌ಗೆ, ಅಂದರೆ ಇಂದಿನ ಶ್ರೀ ವಿಜಯಪುರಕ್ಕೆ, ಹೋಗಿತ್ತು. ಆ ದ್ವೀಪದಿಂದ ದೇಶವಿದೇಶಗಳ ಹವ್ಯಾಸಿಗಳೊಡನೆ ಸಂಭಾಷಿಸುವುದೇ ಅವರ ಉದ್ದೇಶ. ಡಿಸೆಂಬರ್ 26ರ ಬೆಳಿಗ್ಗೆ ಭೂಮಿ ನಡುಗಿತು, ಸುನಾಮಿ ಅಪ್ಪಳಿಸಿತು, ದೂರವಾಣಿ ಸಂಪರ್ಕ ಕಡಿದುಬಿತ್ತು. ಆಗ ವಿನೋದಕ್ಕೆಂದು ತಂದ ಆ ಯಂತ್ರಗಳೇ ದ್ವೀಪವಾಸಿಗಳ ಕ್ಷೇಮವಾರ್ತೆಯನ್ನು ಹೊರಗಿನವರಿಗೆ ಮುಟ್ಟಿಸಿದವು.

ಕೈಗೊಂದು ಮೊಬೈಲ್ ಇರುವ ಈ ಕಾಲದಲ್ಲಿ ಇದೆಲ್ಲ ಏಕೆಂದು ಕೆಲವರು ಕೇಳಬಹುದು. ಮೊಬೈಲಿಗೆ ಗೋಪುರ ಬೇಕು, ಗೋಪುರಕ್ಕೆ ವಿದ್ಯುತ್ತು ಬೇಕು. ಹವ್ಯಾಸಿಗಾದರೋ ಒಂದು ಬ್ಯಾಟರಿ, ಒಂದು ತಂತಿ ಸಾಕು. ಅವನ ಅಲೆಗಳು ಮೇಲಿನ ಅಯಾನುಗೋಳಕ್ಕೆ ತಾಗಿ, ಬೆಟ್ಟಗಳಾಚೆ ಇಳಿಯುತ್ತವೆ.

ಆದರೆ ಯಂತ್ರವಿದ್ದ ಮಾತ್ರಕ್ಕೆ ಕೆಲಸ ನಡೆಯದು. ಹತ್ತು ಮಂದಿ ಒಮ್ಮೆಗೇ ಮಾತನಾಡಿದರೆ ಒಬ್ಬರ ಮಾತೂ ಕೇಳಿಸದು. ಅದಕ್ಕಾಗಿಯೇ ಹವ್ಯಾಸಿಗಳು 'ನೆಟ್' ಎಂಬ ಏರ್ಪಾಡನ್ನು ಮಾಡಿಕೊಂಡಿದ್ದಾರೆ. ಗೊತ್ತಾದ ವೇಳೆಗೆ, ಗೊತ್ತಾದ ತರಂಗಾಂತರದಲ್ಲಿ ಎಲ್ಲರೂ ಸೇರುತ್ತಾರೆ. ನಿಯಂತ್ರಕರು ಒಬ್ಬೊಬ್ಬರನ್ನೇ ಅವರ ಕರೆಸಂಕೇತದಿಂದ ಕರೆಯುತ್ತಾರೆ. ಉಳಿದವರು ಮೌನದಿಂದ ಆಲಿಸುತ್ತಾರೆ. ತುರ್ತು ಸಂದೇಶಕ್ಕೆ ಮೊದಲ ಸ್ಥಾನ. ಕೇಳಿ ಬರೆದುಕೊಂಡವನು ಅದನ್ನು ಮರಳಿ ಓದಿ ಒಪ್ಪಿಸಬೇಕು. 'ಆರು ಮಂದಿ'ಯು 'ನೂರು ಮಂದಿ'ಯಾಗಿ ಕೇಳಿಸಿದರೆ ಔಷಧ ಒಂದೂರಿನಲ್ಲಿ ಮಿಕ್ಕು, ಇನ್ನೊಂದೂರಿನಲ್ಲಿ ಇಲ್ಲವಾದೀತು.

ಈ ಶಿಸ್ತು ಒಂದು ದಿನದಲ್ಲಿ ಬರುವುದಲ್ಲ. ಏನೂ ಸಂಭವಿಸದ ದಿನಗಳಲ್ಲಿ, ಸಂಬಳವಿಲ್ಲದೆ, ಹೊಗಳಿಕೆಯಿಲ್ಲದೆ ವಾರವಾರವೂ ನೆಟ್ ನಡೆಸುವವನ ಬೇಸರದ ದುಡಿಮೆಯೇ ಆಪತ್ತಿನ ದಿನ ಫಲ ಕೊಡುತ್ತದೆ. ಬೆಂಕಿ ಬಿದ್ದಾಗ ಬಾವಿ ತೋಡಿ ಫಲವೇನು?

ಬೆಳಗಾವಿ ಸೀಮೆಗೆ ಈ ಮಾತು ಚೆನ್ನಾಗಿ ಅನ್ವಯಿಸುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿ ಖಾನಾಪುರ ತಾಲ್ಲೂಕಿನ ದಟ್ಟ ಮಳೆಕಾಡಿನಲ್ಲಿದೆ. 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ, ಘಟಪ್ರಭೆ, ಕೃಷ್ಣೆಯರು ಉಕ್ಕಿ ಹರಿದು ಜಿಲ್ಲೆಯ ಅನೇಕ ಊರುಗಳನ್ನು ಮುಳುಗಿಸಿದರು. ಮಹಾಂತೇಶ ನಗರದ ಒಂದು ಮನೆಯಲ್ಲಿ ನಿಯಂತ್ರಕ, ಖಾನಾಪುರದ ಹಳ್ಳಿಹಳ್ಳಿಯಲ್ಲಿ ಒಬ್ಬೊಬ್ಬ ಹವ್ಯಾಸಿ ಇದ್ದರೆ, ಕಾಡಿನ ಅಂಚಿನ ಊರೂ ಒಂಟಿಯಾಗದು.

ಇದಕ್ಕೆ ಸಿರಿವಂತಿಕೆ ಬೇಕಿಲ್ಲ. 12 ವರ್ಷ ತುಂಬಿದವರು ಕೇಂದ್ರ ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆಯಬಹುದು. ಪ್ರೌಢಶಾಲೆಗಳಲ್ಲಿ ಕ್ರೀಡಾಸಂಘಗಳಿರುವಂತೆ ರೇಡಿಯೊ ಸಂಘಗಳೂ ಇರಬೇಕು. ವಿದ್ಯಾರ್ಥಿಗಳು ಅಲ್ಲಿ ವಿಜ್ಞಾನವನ್ನು ಕಲಿಯುವರು; ಅದಕ್ಕಿಂತ ಮಿಗಿಲಾಗಿ, ಇನ್ನೊಬ್ಬರ ಮಾತು ಮುಗಿಯುವವರೆಗೆ ಕಿವಿಗೊಟ್ಟು ಕೇಳುವುದನ್ನು ಕಲಿಯುವರು.