ಆಯ್ಕೆಗೆ ಅಳತೆಗೋಲು ಬೇಡವೇ?

ಭಾನುವಾರ ಮುಂಜಾನೆ ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿ ಸುಳಿದಾಡಿದವರು ಒಂದು ನೋಟವನ್ನು ಕಂಡಿರಲೇಬೇಕು. ರಾತ್ರಿಯ ಪಾಳಿಯನ್ನು ಮುಗಿಸಿ ಹೊರಬಿದ್ದ ತರುಣರು, ಕಾರ್ಖಾನೆಗಳ ನಡುವೆ ಇನ್ನೂ ಕಟ್ಟಡವೇಳದೆ ಉಳಿದಿರುವ ಬಯಲಿನಲ್ಲಿ ಕ್ರಿಕೆಟ್ ಆಡುತ್ತಿರುತ್ತಾರೆ. ಆಟ ಮುಗಿದ ಮೇಲೆ ಟೀ ಅಂಗಡಿಯ ಮುಂದೆ ವಾದವು ಆರಂಭವಾಗುತ್ತದೆ. ರಾಷ್ಟ್ರದ ತಂಡವು ಸೋತ ವಾರವಾದರಂತೂ ಆ ವಾದಕ್ಕೆ ಕೊನೆಯೇ ಇಲ್ಲ. ಇವನನ್ನು ಏಕೆ ಬಿಟ್ಟರು, ಅವನನ್ನು ಏಕೆ ಸೇರಿಸಿದರು, ನಮ್ಮ ಕನ್ನಡಿಗನಿಗೆ ಏಕೆ ಎಡೆಯಿಲ್ಲ ಎಂಬ ಪ್ರಶ್ನೆಗಳು ಒಂದರ ಮೇಲೊಂದು ಏಳುತ್ತವೆ. ಇದನ್ನು ಕೆಲಸವಿಲ್ಲದವರ ಹರಟೆಯೆಂದು ತಳ್ಳಿಹಾಕುವುದು ನಮಗೆ ಸಮ್ಮತವಲ್ಲ. ರಾಷ್ಟ್ರದ ಹೆಸರಿನಲ್ಲಿ ನಡೆಯುವ ಆಯ್ಕೆಯ ನ್ಯಾಯಾನ್ಯಾಯಗಳನ್ನು ಜನರು ವಿಚಾರಿಸುವುದು ಸ್ವತಂತ್ರ ರಾಷ್ಟ್ರದ ಲಕ್ಷಣವೇ ಸರಿ. ಆದರೆ ಆ ವಿಚಾರವು ಯಾವ ದಾರಿಯಲ್ಲಿ ಸಾಗಬೇಕೆಂಬ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಓದುಗರ ಮುಂದಿಡುವುದು ಅವಶ್ಯವೆಂದು ತೋರಿದೆ.

ಐದು ದಿನಗಳ ಪಂದ್ಯಗಳಲ್ಲಿ ಭಾರತ ತಂಡಕ್ಕೆ ಒದಗಿದ ದುರವಸ್ಥೆಯು ಎಲ್ಲರಿಗೂ ವಿದಿತವಾಗಿದೆ. 2024ರ ಅಕ್ಟೋಬರ್ ತಿಂಗಳಲ್ಲಿ, ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿಯೇ, ನ್ಯೂಜಿಲೆಂಡಿನ ಎದುರು ಇಡೀ ತಂಡವು 46 ರನ್ನುಗಳಿಗೆ ಉರುಳಿತು. ಆ ಸರಣಿಯ ಮೂರು ಪಂದ್ಯಗಳನ್ನೂ ನಾವು ಸೋತೆವು. ಅನಂತರ ಆಸ್ಟ್ರೇಲಿಯದಲ್ಲಿ ಐದು ಪಂದ್ಯಗಳ ಪೈಕಿ ಗೆದ್ದುದು ಒಂದೇ, ಸೋತುದು ಮೂರು. 2025ರ ಬೇಸಗೆಯಲ್ಲಿ ಇಂಗ್ಲೆಂಡಿನಲ್ಲಿ ಸಮಬಲ ಸಾಧಿಸಿ ತುಸು ಉಸಿರಾಡಿದೆವು. ಆದರೆ ಅದೇ ವರ್ಷದ ನವೆಂಬರಿನಲ್ಲಿ ದಕ್ಷಿಣ ಆಫ್ರಿಕದವರು ಇಲ್ಲಿಗೆ ಬಂದು ಕಲಕತ್ತೆಯಲ್ಲಿ 30 ರನ್ನುಗಳಿಂದಲೂ ಗೌಹಾತಿಯಲ್ಲಿ 408 ರನ್ನುಗಳಿಂದಲೂ ನಮ್ಮನ್ನು ಸೋಲಿಸಿದರು. ಇದೇ ಕಾಲದಲ್ಲಿ, ಅಂದರೆ 2024ರಲ್ಲಿ ಇಪ್ಪತ್ತು ಓವರುಗಳ ವಿಶ್ವಕಪ್ಪನ್ನೂ 2025ರಲ್ಲಿ ಚಾಂಪಿಯನ್ಸ್ ಟ್ರೋಫಿಯನ್ನೂ ಗೆದ್ದುದು ಇದೇ ಭಾರತವೇ. ಆದುದರಿಂದ ದೇಶದಲ್ಲಿ ಆಟಗಾರರ ಬರಗಾಲವೆಂದು ಹೇಳುವಂತಿಲ್ಲ. ದೀರ್ಘವಾದ ಆಟಕ್ಕೆ ತಕ್ಕವರನ್ನು ಆರಿಸಿ ನೆಲೆಗೊಳಿಸುವ ಕ್ರಮದಲ್ಲಿಯೇ ಎಲ್ಲಿಯೋ ದೋಷವಿದೆ.

ಬಿಡದಿಯ ತರುಣರಿಗೆ ಈ ದೋಷವನ್ನು ತಿಳಿಯಹೇಳಲು ಹೆಚ್ಚು ಶ್ರಮಪಡಬೇಕಾದುದಿಲ್ಲ. ಅವರು ದುಡಿಯುವ ಕಾರ್ಖಾನೆಗಳಲ್ಲಿ ಒಂದು ಬಿಡಿಭಾಗವನ್ನು ಒಪ್ಪುವುದಕ್ಕೂ ತಿರಸ್ಕರಿಸುವುದಕ್ಕೂ ಗೇಜು ಎಂಬ ಅಳತೆಯ ಸಾಧನವುಂಟು. ಹಗಲಿನ ಪಾಳಿಗೂ ರಾತ್ರಿಯ ಪಾಳಿಗೂ ಗೇಜು ಒಂದೇ. ಪಾಳಿಗೊಂದು ಅಳತೆಯಾದರೆ ಒಂದು ಗಾಡಿಯೂ ರಸ್ತೆಗಿಳಿಯಲಾರದು. ತಿರಸ್ಕೃತವಾದ ತುಂಡಿಗೂ ಕಾರಣವನ್ನು ಬರೆದಿಡುವ ಪದ್ಧತಿ ಅಲ್ಲಿದೆ. ಮನುಷ್ಯನು ಲೋಹದ ತುಂಡಲ್ಲವೆಂಬುದು ದಿಟ. ಆದರೆ ಲೋಹದ ತುಂಡಿಗೆ ದೊರೆಯುವ ನ್ಯಾಯವು ಮನುಷ್ಯನಿಗೆ ದೊರೆಯಬಾರದೆಂಬುದು ಯಾವ ನೀತಿ? ತಂಡದಲ್ಲಿ ಮೂರನೆಯ ಕ್ರಮಾಂಕದ ದಾಂಡಿಗನ ಸ್ಥಾನವು ಎಷ್ಟು ಮುಖ್ಯವೆಂಬುದನ್ನು ರಾಹುಲ್ ದ್ರಾವಿಡರನ್ನು ಕಂಡ ಕನ್ನಡಿಗರಿಗೆ ಹೇಳಬೇಕಾಗಿಲ್ಲ. 2025ರ ಜೂನಿನಿಂದ ನವೆಂಬರಿನವರೆಗಿನ ಆರು ತಿಂಗಳೊಳಗೆ ಆ ಸ್ಥಾನದಲ್ಲಿ ಸಾಯಿ ಸುದರ್ಶನ್, ಕರುಣ್ ನಾಯರ್, ವಾಷಿಂಗ್ಟನ್ ಸುಂದರ್ ಎಂಬ ಮೂವರು ಆಡಿದರು. ನಾಳೆ ತಾನು ಎಲ್ಲಿ ನಿಲ್ಲುವೆನೆಂಬುದೇ ತಿಳಿಯದವನು ಇಂದು ನೆಟ್ಟಗೆ ನಿಲ್ಲುವುದು ಹೇಗೆ?

ಇನ್ನು ಕರುಣ್ ನಾಯರರ ಪ್ರಕರಣ. 2016ರ ಡಿಸೆಂಬರಿನಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ಎದುರು ಅವರು ಔಟಾಗದೆ 303 ರನ್ನುಗಳನ್ನು ಗಳಿಸಿದರು. ಭಾರತೀಯರಲ್ಲಿ ಅದಕ್ಕೆ ಮುಂಚೆ ಮುನ್ನೂರನ್ನು ದಾಟಿದವರು ವೀರೇಂದ್ರ ಸೆಹ್ವಾಗರೊಬ್ಬರೇ. ಮರುಪಂದ್ಯದಲ್ಲಿ ಅವರಿಗೆ ಸ್ಥಾನವಿರಲಿಲ್ಲ. 2017ರ ಮಾರ್ಚಿನ ಅನಂತರ ಎಂಟು ವರ್ಷಗಳ ಕಾಲ ಒಂದು ಟೆಸ್ಟ್ ಪಂದ್ಯವೂ ಸಿಕ್ಕಲಿಲ್ಲ. 2018ರಲ್ಲಿ ಅವರನ್ನು ಇಂಗ್ಲೆಂಡಿಗೆ ಕರೆದೊಯ್ದು, ಕೊನೆಯ ಪಂದ್ಯದಲ್ಲಿ ತಡವಾಗಿ ತಂಡವನ್ನು ಸೇರಿದ ಹನುಮ ವಿಹಾರಿಯವರನ್ನು ಆಡಿಸಿದರು. ಏಕೆಂದು ತಮಗೆ ಯಾರೂ ತಿಳಿಸಲಿಲ್ಲವೆಂದು ಆಟಗಾರರೂ, ತಾವು ತಿಳಿಸಿದೆವೆಂದು ಆಯ್ಕೆ ಮಂಡಲಿಯ ಮುಖ್ಯಸ್ಥರೂ ಆಮೇಲೆ ಪತ್ರಿಕೆಗಳಲ್ಲಿ ಹೇಳಿಕೊಳ್ಳುವಂತಾಯಿತು. ಒಂದು ಪತ್ರದಲ್ಲಿ ನಾಲ್ಕು ಸಾಲು ಬರೆದಿದ್ದರೆ ಈ ವಿವಾದಕ್ಕೆ ಎಡೆಯೆಲ್ಲಿತ್ತು? ಕೊನೆಗೆ 2025ರಲ್ಲಿ ಅವರನ್ನು ಮತ್ತೆ ಕರೆದರು. ಇಂಗ್ಲೆಂಡಿನಲ್ಲಿ ನಾಲ್ಕು ಪಂದ್ಯಗಳ ಎಂಟು ಸರದಿಗಳಲ್ಲಿ 205 ರನ್ನುಗಳು ಬಂದವು. ಅದು ಹೊಗಳತಕ್ಕ ಸಾಧನೆಯಲ್ಲವೆಂದು ನಾವೂ ಒಪ್ಪುತ್ತೇವೆ. ಅವರಿಂದ ಹೆಚ್ಚನ್ನು ನಿರೀಕ್ಷಿಸಿದ್ದೆವೆಂದು ಮಂಡಲಿಯ ಅಧ್ಯಕ್ಷ ಅಜಿತ್ ಅಗರ್ಕರರು ಬಹಿರಂಗವಾಗಿ ನುಡಿದು ಅವರನ್ನು ಕೈಬಿಟ್ಟರು. ಕಾರಣವನ್ನು ಹೇಳಿದುದಕ್ಕೆ ಅವರನ್ನು ಅಭಿನಂದಿಸಬೇಕು. ಆದರೆ ಮುನ್ನೂರು ಹೊಡೆದಾಗ ಇಪ್ಪತ್ತೈದರ ಹರೆಯದವನಿಗೆ ಕೊಡದಿದ್ದ ಕಾಲಾವಕಾಶದ ನಷ್ಟವನ್ನು ಮೂವತ್ತಮೂರರಲ್ಲಿ ನಾಲ್ಕು ಪಂದ್ಯಗಳಿಂದ ತುಂಬಿಕೊಡಲಾದೀತೇ?

ಇಲ್ಲಿಯೇ ನಮ್ಮವರು ದಾರಿ ತಪ್ಪುವುದು. ಕನ್ನಡಿಗನಿಗೆ ಅನ್ಯಾಯವಾಯಿತೆಂಬ ಕೂಗು ಒಡನೆ ಏಳುತ್ತದೆ. ಕನ್ನಡದ ಅಭಿಮಾನದಲ್ಲಿ ನಾವು ಯಾರಿಗೂ ಹಿಂದೆ ಬಿದ್ದವರಲ್ಲ. ಆದರೂ ಸತ್ಯವನ್ನು ಮರೆಮಾಚಿದ ಅಭಿಮಾನವು ನಾಡಿಗೆ ಭೂಷಣವಲ್ಲ. ಕರುಣರನ್ನು ಬಿಟ್ಟಾಗ ಆ ಸ್ಥಾನಕ್ಕೆ ಕರೆದುದು ಕರ್ನಾಟಕದ ಆಟಗಾರರೇ ಆದ ದೇವದತ್ತ ಪಡಿಕ್ಕಲರನ್ನು. ಕೆ. ಎಲ್. ರಾಹುಲರು ತಂಡದ ಆಧಾರಸ್ತಂಭವಾಗಿಯೇ ಇದ್ದರು. ಅಷ್ಟೇ ಅಲ್ಲ, ಕರುಣರನ್ನು 2022ರಲ್ಲಿ ಕೈಬಿಟ್ಟವರು ಡೆಲ್ಲಿಯವರಲ್ಲ, ಮುಂಬಯಿಯವರಲ್ಲ, ಕರ್ನಾಟಕದವರೇ! ಅವರು ವಿದರ್ಭವನ್ನು ಸೇರಿದರು. 2024-25ರ ರಣಜಿ ಪಂದ್ಯಾವಳಿಯಲ್ಲಿ 863 ರನ್ನು ಹೊಡೆದು, ಅಂತಿಮ ಪಂದ್ಯದಲ್ಲಿ ಶತಕವನ್ನು ಬಾರಿಸಿ, ಆ ಪ್ರಾಂತಕ್ಕೆ ಟ್ರೋಫಿಯನ್ನು ತಂದುಕೊಟ್ಟರು. ನಾವು ಹೊರಹಾಕಿದವನನ್ನು ನೆರೆಯವರು ಆದರಿಸಿ ಗೆದ್ದರು. ಮರುವರ್ಷ ಅವರು ತಮ್ಮ ನಾಡಿನ ತಂಡಕ್ಕೆ ಹಿಂದಿರುಗಿದುದು ಸಂತೋಷದ ಸಂಗತಿ. ಆದರೆ ಅಳತೆಗೋಲಿಲ್ಲದ ದೋಷವು ದೂರದಲ್ಲಿ ಮಾತ್ರವಲ್ಲ, ನಮ್ಮ ಮನೆಯಲ್ಲಿಯೂ ಇದೆಯೆಂಬುದನ್ನು ಈ ಪ್ರಸಂಗವು ತೋರಿಸಿಕೊಟ್ಟಿತು.

ಆಯ್ಕೆಯೆಂಬುದು ಲೆಕ್ಕದ ಪುಸ್ತಕವಲ್ಲ, ಆಟಗಾರನ ವಯಸ್ಸು, ದೇಹದಾರ್ಢ್ಯ, ಪರದೇಶದ ನೆಲದಲ್ಲಿ ಏಳುವ ಚೆಂಡನ್ನು ಎದುರಿಸುವ ಶಕ್ತಿ ಇವುಗಳನ್ನೆಲ್ಲ ಅನುಭವಿಗಳ ಕಣ್ಣೇ ಅಳೆಯಬೇಕು ಎಂದು ಕೆಲವರು ಆಕ್ಷೇಪಿಸಬಹುದು. ಈ ಮಾತಿನಲ್ಲಿ ಹುರುಳಿದೆ. ಅನುಭವಿಗಳ ಕಣ್ಣನ್ನು ನಾವು ಬೇಡವೆನ್ನುವುದಿಲ್ಲ. ಆ ಕಣ್ಣು ಕಂಡುದೇನೆಂಬುದನ್ನು ಬರೆದು ತಿಳಿಸಲಿ ಎಂದಷ್ಟೇ ನಮ್ಮ ಬೇಡಿಕೆ. ಬರೆದಿಡದ ವಿವೇಚನೆಗೂ ಸ್ವೇಚ್ಛೆಗೂ ವ್ಯತ್ಯಾಸವನ್ನು ಜನರು ಗುರುತಿಸುವುದು ಹೇಗೆ? 1936ರಲ್ಲಿ ವಿಜಯನಗರಂ ರಾಜಕುಮಾರರು ತಮ್ಮ ಪದವಿಯ ಬಲದಿಂದ ನಾಯಕರಾಗಿ ಇಂಗ್ಲೆಂಡಿಗೆ ಹೋದರು. ಲಾಲಾ ಅಮರನಾಥರಂಥ ಆಟಗಾರರನ್ನು ನಡುವೆಯೇ ಹಡಗು ಹತ್ತಿಸಿ ಊರಿಗೆ ಕಳುಹಿಸಿದರು. ಅರಸೊತ್ತಿಗೆಗಳು ಹೋದವು. ಕಾರಣ ಕೊಡದೆ ನಿರ್ಣಯಿಸುವ ದರ್ಬಾರಿನ ಅಭ್ಯಾಸವೂ ಅವುಗಳೊಡನೆ ಹೋಗಬೇಕಾಗಿತ್ತು.

ಇನ್ನೊಂದು ಮಾತು. 1934ರ ನವೆಂಬರಿನಲ್ಲಿ ರಣಜಿ ಪಂದ್ಯಾವಳಿಯ ಮೊಟ್ಟಮೊದಲ ಪಂದ್ಯವನ್ನು ಮೈಸೂರು ತಂಡವು ಮದರಾಸಿನ ಎದುರು ಆಡಿ ಒಂದೇ ದಿನದಲ್ಲಿ ಸೋತಿತು. ಆಗ ಧಾರವಾಡ ಬೆಳಗಾವಿಗಳ ಕನ್ನಡಿಗನು ಮುಂಬಯಿ ಪ್ರಾಂತದವನು, ಮಂಗಳೂರು ಬಳ್ಳಾರಿಗಳವನು ಮದರಾಸಿನವನು, ರಾಯಚೂರಿನವನು ನಿಜಾಮರ ಪ್ರಜೆ. 1956ರ ನವೆಂಬರ್ 1ರಂದು ನಾಡು ಒಂದಾಯಿತು. 1973ರಲ್ಲಿ ಕರ್ನಾಟಕವೆಂಬ ಹೆಸರು ಬಂದಿತು. ಆ ಋತುವಿನಲ್ಲಿಯೇ ಪ್ರಸನ್ನರ ನಾಯಕತ್ವದ ತಂಡವು, ಹದಿನೈದು ವರ್ಷ ಸತತವಾಗಿ ಗೆದ್ದಿದ್ದ ಮುಂಬಯಿಯನ್ನು ಸೋಲಿಸಿ, ರಣಜಿ ಟ್ರೋಫಿಯನ್ನು ಮೊದಲ ಬಾರಿಗೆ ತಂದಿತು. ಅದು ಹೆಸರಿನ ಮಹಿಮೆಯೆನ್ನುವಷ್ಟು ಮುಗ್ಧರು ನಾವಲ್ಲ. ಆದರೆ ಏಕೀಕರಣದ ನಿಜವಾದ ಫಲವು ಎಂಥದೆಂಬುದನ್ನು ಗದಗಿನ ಸುನಿಲ್ ಜೋಶಿಯವರಲ್ಲಿ ಕಾಣಬಹುದು. ಬೆಳಗಿನ ಜಾವದಲ್ಲಿ ಹುಬ್ಬಳ್ಳಿಗೆ ಹೋಗಿ ಅಭ್ಯಾಸಮಾಡಿ ಶಾಲೆಯ ವೇಳೆಗೆ ಊರಿಗೆ ಮರಳುತ್ತಿದ್ದ ಆ ಬಾಲಕರು ಕರ್ನಾಟಕಕ್ಕೂ ಭಾರತಕ್ಕೂ ಆಡಿದರು. 2020ರಲ್ಲಿ ರಾಷ್ಟ್ರದ ಆಯ್ಕೆ ಮಂಡಲಿಯ ಅಧ್ಯಕ್ಷರೂ ಆದರು. ಇಂಥವರು ಎಷ್ಟು ಮಂದಿ ರೈಲು ಸಿಕ್ಕದೆ ಊರಿನಲ್ಲಿಯೇ ಉಳಿದರೆಂಬುದನ್ನು ಯಾರು ಲೆಕ್ಕವಿಟ್ಟಿದ್ದಾರೆ?

ಬಿಡದಿಯು ಬೆಂಗಳೂರಿಗೆ ಸುಮಾರು 30 ಕಿಲೋಮೀಟರು ಮಾತ್ರ ದೂರ. ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 1999ರ ಕೊನೆಗೆ ಗಾಡಿಗಳ ತಯಾರಿಕೆ ಆರಂಭವಾದಂದಿನಿಂದ ನಾಡಿನ ನಾನಾ ಜಿಲ್ಲೆಗಳ ತರುಣರು ಅಲ್ಲಿಗೆ ಬಂದಿದ್ದಾರೆ. ಅಲ್ಲಿಯ ಒಂದು ಬಯಲಿನ ಹನ್ನೊಂದು ಮಂದಿಯಲ್ಲಿ ಅಖಂಡ ಕರ್ನಾಟಕವೇ ಕಾಣುತ್ತದೆ. ಹಿಂದೆ ಬೆಂಗಳೂರಿನಲ್ಲಿ ಬ್ಯಾಂಕುಗಳೂ ಸರ್ಕಾರಿ ಕಾರ್ಖಾನೆಗಳೂ ಆಟಗಾರರಿಗೆ ನೌಕರಿಯಿತ್ತು ತಂಡಗಳನ್ನು ಸಾಕಿದುವು. ಬಿಡದಿಯ ಉದ್ಯಮಿಗಳು ಸೇರಿ ಒಂದು ಒಳ್ಳೆಯ ಮೈದಾನವನ್ನು ಮಾಡಿಕೊಡಲಾರರೇ? ರಾಜ್ಯ ಸಂಸ್ಥೆಯವರು ವರ್ಷಕ್ಕೊಮ್ಮೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಿಗೆ ತಾವೇ ಹೋಗಿ ಹುಡುಗರನ್ನು ಪರೀಕ್ಷಿಸಲಾರರೇ? ಶಾಲೆಯ ಉಪಾಧ್ಯಾಯರು ಅಂಥ ಹುಡುಗರ ಹೆಸರನ್ನೂ ಆಟದ ಲೆಕ್ಕವನ್ನೂ ಬರೆದು ಸಂಸ್ಥೆಗೆ ಕಳುಹಿಸಿದರೆ ಅದು ಸಣ್ಣ ಸೇವೆಯೇನೂ ಅಲ್ಲ.

ರಾಷ್ಟ್ರದ ಆಯ್ಕೆ ಮಂಡಲಿಯಿಂದ ನಾವು ಕೇಳುವುದು ಮೂರೇ ಮಾತು. ಐದು ದಿನಗಳ ಪಂದ್ಯಕ್ಕೆ ಆರಿಸುವಾಗ ದೇಶೀಯ ದೀರ್ಘ ಪಂದ್ಯಗಳ ಸಾಧನೆಗೆ ಮೊದಲ ಬೆಲೆಯಿರಲಿ. ಒಂದು ಸ್ಥಾನವನ್ನು ಕೊಟ್ಟವನಿಗೆ ಒಂದು ಪೂರ್ಣ ಸರಣಿಯ ಅವಧಿಯನ್ನಾದರೂ ಕೊಡಲಿ. ಬಿಟ್ಟವನಿಗೆ ಕಾರಣವನ್ನು ಬರಹದಲ್ಲಿ ತಿಳಿಸಲಿ. ಇದೇ ಮೂರು ಮಾತುಗಳನ್ನು ನಮ್ಮ ರಾಜ್ಯದ ಮಂಡಲಿಗೂ ನಾವು ಹೇಳುತ್ತೇವೆ. ಕನ್ನಡಿಗನೆಂದು ಒಬ್ಬನನ್ನು ಸೇರಿಸಿರೆಂದು ನಾವು ಬೇಡುವುದಿಲ್ಲ. ಅಂಥ ಭಿಕ್ಷೆಯು ನಮ್ಮ ಹುಡುಗರಿಗೆ ಬೇಕಾಗಿಲ್ಲ. ಗೇಜು ಎಲ್ಲರಿಗೂ ಒಂದೇ ಆಗಿರಲಿ, ಅದು ಬಿಡದಿಯ ಬಯಲಿನವರೆಗೂ ಬರಲಿ. ಆಮೇಲೆ ಅಳತೆಗೆ ನಿಲ್ಲುವ ಭಾರವು ನಮ್ಮ ಹುಡುಗರದು.